ಸಿಗಡಿ ಕೊಳೆಸಿ ಪಳೆಯುಳಿಕೆ ಓದುವುದು: ಮುಂಬೈ ಬಾಲ್ಕನಿಗೊಂದು ಪ್ರಯೋಗ

ಮೂಳೆ, ಚಿಪ್ಪು, ಹಲ್ಲು ಯಾವುದೂ ಇಲ್ಲದ ಪ್ರಾಣಿ ಸತ್ತರೆ ಬಂಡೆಯಲ್ಲಿ ಅದರ ಗುರುತು ಉಳಿಯುವುದು ತೀರಾ ಅಪರೂಪ. ಪ್ರಾಣಿಗಳ ಚರಿತ್ರೆಯ ಮೊದಲ ಪುಟಗಳಲ್ಲಿ ಇದ್ದವರು ಮಾತ್ರ ಬಹುಪಾಲು ಅಂಥವರೇ. ಕೆನಡಾದ ಬರ್ಜೆಸ್ ಶೇಲ್ (ಸುಮಾರು 50.8 ಕೋಟಿ ವರ್ಷ), ಚೀನಾದ ಯುನ್ನಾನ್ ಪ್ರಾಂತ್ಯದ ಚೆಂಗ್‌ಜಿಯಾಂಗ್ (ಸುಮಾರು 51.8 ಕೋಟಿ ವರ್ಷ), ಗ್ರೀನ್‌ಲ್ಯಾಂಡಿನ ಸಿರಿಯಸ್ ಪ್ಯಾಸೆಟ್‌ನಂಥ ಕೆಲವೇ ಜಾಗಗಳಲ್ಲಿ ಕಣ್ಣು, ಕರುಳು, ಕಿವಿರಿನವರೆಗೆ ಎಲ್ಲ ಉಳಿದುಕೊಂಡಿದೆ. ಅವು ಸಿಗದೇ ಹೋಗಿದ್ದರೆ ಆ ಕಾಲದ, ಅಂದರೆ ಕೇಂಬ್ರಿಯನ್ ಯುಗದ ಸಮುದ್ರವೆಂದರೆ ಟ್ರೈಲೊಬೈಟ್ ಎಂಬ ಗಟ್ಟಿಕವಚದ ಪ್ರಾಣಿ ಮತ್ತು ಒಂದಿಷ್ಟು ಚಿಪ್ಪು ಎಂದೇ ಇಂದಿಗೂ ಪಾಠ ಮಾಡುತ್ತಿದ್ದೆವು.

ಆ ಪಳೆಯುಳಿಕೆಗಳ ಚಿತ್ರ ನೋಡುವವರು ಒಂದು ವಿಷಯ ಮರೆಯುತ್ತಾರೆ. ಕಲ್ಲಿನ ಮೇಲೆ ಕಾಣುವುದು ಪ್ರಾಣಿಯಲ್ಲ, ಹೆಣ. ಒಂದಿಷ್ಟು ಕೊಳೆತು, ಆಮೇಲೆ ಚಪ್ಪಟೆಯಾಗಿ, ಆಮೇಲೆ ಖನಿಜವಾದ ಹೆಣ. ದೇಹದ ಯಾವ ಭಾಗ ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೆ ನಿಲ್ಲುತ್ತದೆ ಎಂಬುದು ಗೊತ್ತಿಲ್ಲದವರು ಅದನ್ನು ಸರಿಯಾಗಿ ಓದಲಾರರು. ಗೊತ್ತಿದ್ದ ದೊಡ್ಡವರೂ ಎಡವಿದ್ದಾರೆ, ಅದು ಮುಂದೆ ಬರುತ್ತದೆ. ಹಾಗಾಗಿ ಪಳೆಯುಳಿಕೆ ಓದಲು ಕಲಿಯುವ ಅಗ್ಗದ ದಾರಿ ಎಂದರೆ ಒಂದು ಪ್ರಾಣಿಯನ್ನು ಕಣ್ಣೆದುರೇ ಕೊಳೆಯಲು ಬಿಟ್ಟು ಲೆಕ್ಕ ಇಡುವುದು. ಎಂಟನೇ ತರಗತಿಯಿಂದ ಮೇಲಿನ ಮಕ್ಕಳು, ದೊಡ್ಡವರೊಬ್ಬರು ಜೊತೆಗಿದ್ದರೆ, ನಾಲ್ಕು ವಾರದಲ್ಲಿ ಇದನ್ನು ಮಾಡಿ ಮುಗಿಸಬಹುದು. ಮನೆಯೊಳಗಲ್ಲ: ಗಾಳಿಯಾಡುವ ಬಾಲ್ಕನಿ, ಗಚ್ಚಿ ಅಥವಾ ಶಾಲೆಯ ಹಿತ್ತಲಲ್ಲಿ. ಸೊಸೈಟಿಯವರಿಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು. ಮೂರನೇ ದಿನದ ವಾಸನೆ ಮೇಲಿನ ಮಹಡಿಗೂ ಹೋಗುತ್ತದೆ.

ಸಾಮಾನು

ಸಿಗಡಿ, ಅಂದರೆ ಇಲ್ಲಿನ ಮಾರುಕಟ್ಟೆಯ ಕೋಳಂಬಿ, 6–7 ಸೆಂಟಿಮೀಟರ್ ಉದ್ದದ ಸಣ್ಣವು, ಕಾಲು ಕಿಲೊ. ಮೀಸೆ, ಕಾಲು ಮುರಿಯದ 20 ಸಿಗಡಿ ಆರಿಸಲು ಇಷ್ಟು ಬೇಕಾಗುತ್ತದೆ. ಉಳಿದದ್ದು ಸಾರಿಗೆ. ತಲೆ ಗಟ್ಟಿಯಾಗಿ ಅಂಟಿರಬೇಕು, ಕಣ್ಣು ಮಿರುಗಬೇಕು. ಫ್ರೀಜ್ ಆದದ್ದು ಬೇಡವೇ ಬೇಡ: ಮಂಜಿನ ಹರಳು ಜೀವಕೋಶಗಳನ್ನು ಒಡೆದಿರುತ್ತದೆ, ಕರಗಿದ ಕೂಡಲೇ ಮಾಂಸ ನೀರಾಗುತ್ತದೆ, ನಿಮ್ಮ ಮೊದಲ ಎರಡು ದಿನದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ತಲೆ ಕಪ್ಪಾಗದಿರಲೆಂದು ಮೆಟಾಬೈಸಲ್ಫೈಟ್ ಹಾಕಿದ ಸರಕೂ ಬರುತ್ತದೆ. ಅದು ಬ್ಯಾಕ್ಟೀರಿಯಾವನ್ನೂ ತಡೆಯುವುದರಿಂದ ಬೆಳಗಿನ ಜಾವ ಬಂದರಿನಿಂದ ನೇರವಾಗಿ ಬಂದದ್ದನ್ನೇ ಕೇಳಿ ಕೊಳ್ಳಿ. ಜೂನ್, ಜುಲೈಯಲ್ಲಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಆಗ ಸಿಗುವುದು ಹೆಚ್ಚಾಗಿ ಸಾಕಣೆಯದು ಅಥವಾ ಶೀತಲಗೃಹದ್ದು. ಡಿಸೆಂಬರಿನಿಂದ ಫೆಬ್ರವರಿ ಈ ಕೆಲಸಕ್ಕೆ ಎಲ್ಲ ರೀತಿಯಲ್ಲೂ ಹೊಂದುವ ಕಾಲ.

ಜೊತೆಗೆ ನಾಲ್ಕೈದು ತಿಸ್ರಿ, ಅಂದರೆ ಒಳಗೆ ಮೈಯಿರುವ ಎರಡು ಚಿಪ್ಪಿನ ಮರುವಾಯಿ, ಅಂಗೈಗಿಂತ ಚಿಕ್ಕದಾದ ಒಂದು ಮಾಕುಳ (ಸ್ಕ್ವಿಡ್). ಸಿಗಡಿ, ಮಾಕುಳ ಸತ್ತೇ ಮಾರಾಟವಾಗುವ ಸರಕು; ತಿಸ್ರಿ ಜೀವಂತವಾಗಿಯೂ ಬರುತ್ತದೆ, ಸತ್ತದ್ದನ್ನೇ ಆರಿಸಿ. ಪ್ರಯೋಗಕ್ಕೆಂದು ಯಾವುದನ್ನೂ ಕೊಲ್ಲಬೇಕಾಗಿಲ್ಲ, ಕೊಲ್ಲಲೂ ಬಾರದು. ತಿಸ್ರಿಯನ್ನು ಒಂದು ಲೋಟ ನೀರಿನಲ್ಲಿ ಅಲ್ಲಾಡಿಸಿದಾಗ ತಳದಲ್ಲಿ ನಿಲ್ಲುವ ಕೆಸರನ್ನು ಚೆಲ್ಲಬೇಡಿ. ಸಮುದ್ರತಳದ ಬ್ಯಾಕ್ಟೀರಿಯಾ ನಿಮಗೆ ಪುಕ್ಕಟೆಯಾಗಿ ಸಿಗುವುದು ಅಲ್ಲೇ.

ಅರ್ಧ ಲೀಟರಿನ ಅಗಲಬಾಯಿಯ ಗಾಜಿನ ಬಾಟಲಿ ಆರು, 200 ಮಿಲಿಯ ಪಾರದರ್ಶಕ ಪ್ಲಾಸ್ಟಿಕ್ ಕಪ್ಪು ಒಂಬತ್ತು, ಮಲ್‌ಮಲ್ ಬಟ್ಟೆ, ರಬ್ಬರ್ ಬ್ಯಾಂಡ್, ಕೈಗವಸು, ಸೂಜಿ ತೆಗೆದ 10 ಮಿಲಿ ಸಿರಿಂಜ್, ಮೆತ್ತನೆಯ ಬಣ್ಣದ ಕುಂಚ, ಪಿಎಚ್ ಕಾಗದ, ಗ್ರಾಂ ತೋರಿಸುವ ತಕ್ಕಡಿ. ಸಸ್ಯಾಹಾರಿ ಮನೆಯಾದರೆ ಅಡುಗೆಮನೆಯ ಒಂದು ಚಮಚವನ್ನೂ ಮುಟ್ಟಬೇಡಿ, ಆಮೇಲೆ ನಿಮ್ಮ ಪರವಾಗಿ ವಾದಿಸಲು ನಾವು ಬರುವುದಿಲ್ಲ.

ಮಣ್ಣು ಮೂರು ಬಗೆ, ತಲಾ ಅರ್ಧ ಕಿಲೊ: ಚೀನಾ ಮಣ್ಣು ಅಂದರೆ ಕಯೋಲಿನ್, ಕುಂಬಾರಿಕೆ ಸಾಮಾನಿನ ಅಂಗಡಿಯಲ್ಲಿ; ಮುಲ್ತಾನಿ ಮಿಟ್ಟಿ, ಕಿರಾಣಿ ಅಂಗಡಿಯಲ್ಲಿ; ಕೊಂಕಣದ ಕೆಂಪು ಜಂಬಿಟ್ಟಿಗೆ ಮಣ್ಣು, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದದ್ದು. ಸಿಗಡಿಯನ್ನು ಚಪ್ಪಟೆ ಮಾಡುವ ಎರಡನೆಯ ಭಾಗಕ್ಕೆ ಗಣಪತಿ ಮಾಡುವ ಶಾಡು ಮಣ್ಣು ಎರಡು ಕಿಲೊ. ಶಾಡು ಎಂದು ಹೇಳಿ ಪ್ಲಾಸ್ಟರ್ ಬೆರೆಸಿ ಕೊಡುವವರಿದ್ದಾರೆ. ಒಣಗಿದ ಒಂದು ಉಂಡೆ ನೀರಿಗೆ ಹಾಕಿ: ಮಣ್ಣಾದರೆ ಅರ್ಧ ಗಂಟೆಯಲ್ಲಿ ಕುಸಿದು ಕೆಸರಾಗುತ್ತದೆ, ಪ್ಲಾಸ್ಟರ್ ಇದ್ದರೆ ಗಟ್ಟಿಯಾಗಿಯೇ ಕೂತಿರುತ್ತದೆ.

ಸಮುದ್ರದ ನೀರು

ಜುಹುವಿನಿಂದಲೋ ವರ್ಸೋವಾದಿಂದಲೋ ನೀರು ತರಬೇಡಿ. ಊರಿನ ಕೊಳಚೆ ಸೇರಿದ ಆ ನೀರಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ, ಏನಿದೆ ಎಂಬುದೇ ದಿನಕ್ಕೊಂದು ಥರ. ಎರಡು ಬಾಟಲಿಯನ್ನು ಹೋಲಿಸಲಾಗದು. ಮನೆಯಲ್ಲೇ ಮಾಡಿಕೊಳ್ಳಿ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 27 ಗ್ರಾಂ ಕಲ್ಲುಪ್ಪು, 7 ಗ್ರಾಂ ಎಪ್ಸಮ್ ಸಾಲ್ಟ್. ಮೂರು ಲೀಟರ್ ಸಾಕು. ಪುಡಿ ಉಪ್ಪಾದರೂ ನಡೆಯುತ್ತದೆ, ಆದರೆ ಗಂಟುಕಟ್ಟದಂತೆ ಬೆರೆಸಿದ ಪುಡಿಯಿಂದ ನೀರು ಮಸುಕಾಗಿ ಫೋಟೊ ಕೆಡುತ್ತದೆ.

ಎಪ್ಸಮ್ ಸಾಲ್ಟ್ ಬಿಡಬಾರದು, ಅದರಲ್ಲಿರುವುದು ಸಲ್ಫೇಟ್. ಆಮ್ಲಜನಕ ಮುಗಿದ ಮೇಲೆ ಒಂದು ಗುಂಪಿನ ಬ್ಯಾಕ್ಟೀರಿಯಾ ಈ ಸಲ್ಫೇಟನ್ನೇ ಉಸಿರಾಡಿಸಿಕೊಂಡು ಹೆಣವನ್ನು ತಿನ್ನುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಕೇಂಬ್ರಿಯನ್ ಸಮುದ್ರದಲ್ಲಿ ಸಲ್ಫೇಟ್ ಇಂದಿಗಿಂತ ಬಹಳ ಕಡಿಮೆ ಇತ್ತು. 2012ರಲ್ಲಿ ರಾಬರ್ಟ್ ಗೇನ್ಸ್ ಮತ್ತು ಸಂಗಡಿಗರು ಬರ್ಜೆಸ್ ಶೇಲ್ ಮಾದರಿಯ ಸಂರಕ್ಷಣೆಗೆ ಕೊಟ್ಟ ವಿವರಣೆಯಲ್ಲಿ ಇದೊಂದು ಮುಖ್ಯ ಅಂಶ: ಹೂಳಿನ ಪದರದ ಬಾಯಿಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿರಡೆ ಬಿತ್ತು, ಸಲ್ಫೇಟ್ ಮೊದಲೇ ಕಡಿಮೆ, ಹೊಸದಾಗಿ ಒಳಗಿಳಿಯಲೂ ದಾರಿಯಿಲ್ಲ, ಬ್ಯಾಕ್ಟೀರಿಯಾ ಅರ್ಧಕ್ಕೇ ಕೈಬಿಟ್ಟವು. ಹೋಲಿಸಿ ನೋಡಲು ಒಂದು ಬಾಟಲಿಗೆ ಮಾತ್ರ ಎಪ್ಸಮ್ ಹಾಕದ ನೀರು ಬೇಕು, ಅದನ್ನು ಬೇರೆಯಾಗಿ ಅರ್ಧ ಲೀಟರ್ ಮಾಡಿಡಿ.

ಬಾಟಲಿಗಳನ್ನು ಹೂಡುವುದು

ಪ್ರತಿ ಬಾಟಲಿಗೆ 400 ಮಿಲಿ ನೀರು, ಒಂದು ಸಿಗಡಿ, ಅರ್ಧ ಚಮಚ ತಿಸ್ರಿ ಕೆಸರು.

1 ಮತ್ತು 2: ಬಾಯಿಗೆ ಮಲ್‌ಮಲ್ ಬಟ್ಟೆ ಮಾತ್ರ. ಗಾಳಿ ಆಡುತ್ತದೆ, ನೊಣ ಬರುವುದಿಲ್ಲ. ಬಟ್ಟೆ ಸಡಿಲವಾಗಿದ್ದರೆ ಎರಡೇ ದಿನಕ್ಕೆ ಹುಳು. ಹುಳು ಬಿದ್ದ ಬಾಟಲಿಯ ಲೆಕ್ಕ ಬಿಟ್ಟುಬಿಡಿ.

3: ಎಪ್ಸಮ್ ಇರುವ ನೀರನ್ನು ಇನ್ನೊಮ್ಮೆ ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಬಾಟಲಿಯ ಗೋಡೆಯ ಮೇಲೆ ನಿಧಾನಕ್ಕೆ ಇಳಿಬಿಡಿ. ಸಿಗಡಿ ಹಾಕಿದ ಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಲಿಕ್ವಿಡ್ ಪ್ಯಾರಾಫಿನ್, ಇಲ್ಲವೆಂದರೆ ಅಡುಗೆ ಎಣ್ಣೆ. ಗಾಳಿ ಒಳಹೋಗುವುದು ಬಹಳ ನಿಧಾನವಾಗುತ್ತದೆ, ಒಳಗೆ ಹುಟ್ಟಿದ ಗ್ಯಾಸ್ ಗುಳ್ಳೆಯಾಗಿ ಹೊರಬೀಳುತ್ತದೆ. ಮುಚ್ಚಳ ಬಿಗಿಯಬೇಡಿ. ಬಿಗಿದ ಬಾಟಲಿ ಮುಂಬೈ ಸೆಕೆಯಲ್ಲಿ ಒಡೆದೇ ಒಡೆಯುತ್ತದೆ, ಒಡೆದ ಗಾಜಿಗಿಂತ ಒಡೆದ ನಂತರದ ಗೋಡೆ ತೊಳೆಯುವುದು ಕಷ್ಟ.

4: ಮೂರರಂತೆಯೇ, ಆದರೆ ಎಪ್ಸಮ್ ಇಲ್ಲದ ನೀರು.

5: ಸಿಗಡಿಯ ಬದಲು ತಿಸ್ರಿ ಎರಡು. 6: ಮಾಕುಳ. ಎರಡಕ್ಕೂ ಮಲ್‌ಮಲ್ ಬಟ್ಟೆ.

ಇನ್ನು ಕಪ್ಪುಗಳು. ಮಣ್ಣೊಂದಕ್ಕೆ ಮೂರು ಕಪ್ಪು ಏಕೆಂದರೆ ಹೂತ ಸಿಗಡಿಯನ್ನು ಒಮ್ಮೆ ಅಗೆದರೆ ಮತ್ತೆ ಹೂತು ಮುಂದುವರಿಸಲು ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ: ಒಂದೇ ಕಪ್ಪನ್ನು ಮೂರು ಸಲ ಅಗೆದು, ಮೂರನೇ ಸಲ ಏನೂ ಸಿಗದೆ, ಮಣ್ಣು ಪ್ರಯೋಜನವಿಲ್ಲ ಎಂದು ಬರೆದುಕೊಳ್ಳುತ್ತಾರೆ. ಕಪ್ಪುಗಳ ಮೇಲೆ 3, 7, 14 ಎಂದು ದಿನ ಬರೆದಿಡಿ. ಮಣ್ಣನ್ನು ಎಪ್ಸಮ್ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಚೀನಾ ಮಣ್ಣು 100 ಗ್ರಾಂಗೆ 70–80 ಮಿಲಿ ಕುಡಿಯುತ್ತದೆ. ಮುಲ್ತಾನಿ ಮಿಟ್ಟಿ ಉಬ್ಬುವ ಜಾತಿ, ಅದಕ್ಕೆ ಹೆಚ್ಚು ಬೇಕು, ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋಗಿ. ತಳಕ್ಕೆ ಒಂದು ಸೆಂಟಿಮೀಟರ್ ಮಣ್ಣು, ಎರಡು ಗಂಟೆ ಕೂರಲು ಬಿಟ್ಟು, ಸಿಗಡಿಯನ್ನು ಮಗ್ಗುಲಾಗಿ ಮಲಗಿಸಿ, ಮೇಲೆ ಎರಡು ಸೆಂಟಿಮೀಟರ್ ಮಣ್ಣು, ಅದರ ಮೇಲೆ ಒಂದು ಸೆಂಟಿಮೀಟರ್ ನೀರು. ನೀರು ಆರಿದರೆ ಮಣ್ಣು ಬಿರಿದು ಗಾಳಿ ಒಳಹೋಗುತ್ತದೆ. ದಿನಾ ನೋಡಿ ತುಂಬಿಸಿ.

ಎಲ್ಲವನ್ನೂ ಬಿಸಿಲು ಬೀಳದ ಒಂದೇ ಜಾಗದಲ್ಲಿ ಇಡಿ, ಪಕ್ಕದಲ್ಲಿ ಥರ್ಮಾಮೀಟರ್. ಇದು ಅಲಂಕಾರಕ್ಕಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಕೊಳೆಯುವ ವೇಗ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ದಾದರಿನ ಮೇ ತಿಂಗಳ ಮೂರು ದಿನ, ಪುಣೆಯ ಜನವರಿ ರಾತ್ರಿಗಳಲ್ಲಿ ವಾರವೇ ಆಗಬಹುದು. ಎರಡು ಊರಿನ ಶಾಲೆಗಳು ಜೊತೆಯಾಗಿ ಮಾಡುವುದಾದರೆ ದಿನಕ್ಕೆ ದಿನ ಹೋಲಿಸಬೇಡಿ, ಹಂತಕ್ಕೆ ಹಂತ ಹೋಲಿಸಿ.

ಏನು ನೋಡಬೇಕು, ಹೇಗೆ ಬರೆಯಬೇಕು

ದಿನ 0, 1, 2, 3, 5, 7, 10, 14, 21, 28. ಪ್ರತಿ ಸಲ ಮೊಬೈಲನ್ನು ಅಷ್ಟೇ ದೂರದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ, ಬಾಟಲಿಯ ಪಕ್ಕ ಅಳತೆಪಟ್ಟಿ ಇಟ್ಟು ಒಂದು ಫೋಟೊ. ಬಾಟಲಿ ಅಲ್ಲಾಡಿಸಬೇಡಿ. ಆಮೇಲೆ ಭಾಗಕ್ಕೊಂದು ಅಂಕ: ಕಣ್ಣಿನ ಕಪ್ಪು, ಕಣ್ಣಿನ ಕಾಂಡ, ಮೀಸೆ, ನಡೆಯುವ ಕಾಲು, ಈಜುವ ಕಾಲು, ಕಿವಿರು, ಮಾಂಸ, ಕರುಳಿನ ಕಪ್ಪು ಗೆರೆ, ತಲೆಯೊಳಗಿನ ಜೀರ್ಣಗ್ರಂಥಿ, ಹೊರಕವಚ. ಪೂರ್ತಿ ಇದ್ದರೆ 0, ಮೆತ್ತಗಾಗಿದ್ದರೆ 1, ಭಾಗಶಃ ಹೋಗಿದ್ದರೆ 2, ಚೂರು ಉಳಿದಿದ್ದರೆ 3, ಇಲ್ಲವೇ ಇಲ್ಲವೆಂದರೆ 4. ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸಿದರೆ ಕಣ್ಣಿನ ಮೋಸ ಗೊತ್ತಾಗುತ್ತದೆ.

28–30 ಡಿಗ್ರಿಯಲ್ಲಿ ಸುಮಾರಾಗಿ ನಡೆಯುವುದು ಹೀಗೆ. ಮೊದಲ ದಿನವೇ ಜೀರ್ಣಗ್ರಂಥಿ ತನ್ನದೇ ಕಿಣ್ವಗಳಿಂದ ಕರಗುತ್ತದೆ, ಇದಕ್ಕೆ ಬ್ಯಾಕ್ಟೀರಿಯಾ ಕೂಡ ಕಾಯಬೇಕಿಲ್ಲ. ತಲೆಯ ಚಿಪ್ಪಿನ ಹಿಂದಿನಿಂದ ಕಿತ್ತಳೆ-ಕಂದು ದ್ರವ ಸೋರಿ ತಳದಲ್ಲಿ ಕಲೆಯಾಗುತ್ತದೆ. ಎರಡು-ಮೂರು ದಿನದಲ್ಲಿ ತಲೆಗೂ ಬಾಲಕ್ಕೂ ನಡುವಿನ ತೆಳುಪೊರೆ ಬಿಟ್ಟುಕೊಂಡು ಸಿಗಡಿ ಎರಡಾಗುತ್ತದೆ. ಗ್ಯಾಸ್ ತುಂಬಿ ಬಾಲದ ತುಂಡು ತೇಲಲೂಬಹುದು. ವಾರದ ಹೊತ್ತಿಗೆ ಮಾಂಸ ಬಿಳಿ ಲೋಳೆ. ಆಮೇಲೆ ವಾರಗಟ್ಟಲೆ ಉಳಿಯುವುದು ಖಾಲಿ ಕವಚ ಮತ್ತು ಎರಡು ಕಪ್ಪು ಚುಕ್ಕೆ, ಕಣ್ಣಿನ ವರ್ಣದ್ರವ್ಯ. ತಲೆಯ ಮೇಲೆ ಕಪ್ಪು ಮಚ್ಚೆ ಮೂಡಿದರೆ ಅದನ್ನು ಕೊಳೆತದ ಲೆಕ್ಕಕ್ಕೆ ಸೇರಿಸಬೇಡಿ, ಅದು ಗಾಳಿ ತಾಗಿ ಕಿಣ್ವ ಮಾಡುವ ಕೆಲಸ.

ಈಗ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬರ್ಜೆಸ್ ಶೇಲ್ ಚಿತ್ರಗಳನ್ನು ನೋಡಿ. ಅಲ್ಲಿ ಅತಿ ಹೆಚ್ಚಾಗಿ ಸಿಗುವ ಸಂಧಿಪದಿ (ಸಿಗಡಿ, ಏಡಿಯಂಥ ಕೀಲುಗಾಲಿನ ಪ್ರಾಣಿ) ಮರೆಲ್ಲಾ. ಅದರ ಅನೇಕ ಮಾದರಿಗಳ ಹಿಂಬದಿಯಲ್ಲಿ ಒಂದು ಕಪ್ಪು ಕಲೆ ಇರುತ್ತದೆ. ಅದು ಅಂಗವಲ್ಲ, ಮೈಯಿಂದ ಹಿಂಡಿ ಹೊರಬಂದ ದ್ರವ. ನಿಮ್ಮ ಮೊದಲ ದಿನದ ಕಿತ್ತಳೆ ಕಲೆಯ ಸೋದರ. ಇದನ್ನು ನೋಡಿದ ಮೇಲೆ ಹಾಲುಸಿಜೆನಿಯಾ ಎಂಬ ಮುಳ್ಳುಬೆನ್ನಿನ, ಹುಳುವಿನಂಥ ಕೇಂಬ್ರಿಯನ್ ಪ್ರಾಣಿಯ ಕಥೆ ತಾನಾಗಿಯೇ ಅರ್ಥವಾಗುತ್ತದೆ. 1977ರಲ್ಲಿ ಸೈಮನ್ ಕಾನ್ವೇ ಮಾರಿಸ್ ಅದಕ್ಕೆ ಹೆಸರಿಟ್ಟಾಗ ಬೆನ್ನ ಮುಳ್ಳುಗಳನ್ನು ಕಾಲು ಎಂದುಕೊಂಡು ತಲೆಕೆಳಗಾಗಿ ನಿಲ್ಲಿಸಿದ್ದರು. 1991ರಲ್ಲಿ ರಾಮ್‌ಶೋಲ್ಡ್ ಮತ್ತು ಹೌ, ಚೀನಾದಲ್ಲಿ ಸಿಕ್ಕ ಅದರ ಬಂಧುಗಳನ್ನು ನೋಡಿದ ಮೇಲೆ, ಅದನ್ನು ಮಗುಚಿ ಹಾಕಿದರು. ಆದರೂ ಒಂದು ತುದಿಯಲ್ಲಿದ್ದ ಬಲೂನಿನಂಥ ಉಬ್ಬು ತಲೆಯೆಂದೇ ಬಹುಕಾಲ ಉಳಿಯಿತು. 2015ರಲ್ಲಿ ಮಾರ್ಟಿನ್ ಸ್ಮಿತ್ ಮತ್ತು ಜಾನ್-ಬರ್ನಾರ್ಡ್ ಕ್ಯಾರನ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಉಬ್ಬು ಕರುಳಿನಿಂದ ಹೊರಬಿದ್ದ ಕೊಳೆದ್ರವ, ನಿಜವಾದ ತಲೆ ಇನ್ನೊಂದು ತುದಿಯಲ್ಲಿದೆ, ಅದರಲ್ಲಿ ಒಂದು ಜೊತೆ ಕಣ್ಣು, ಬಾಯಿಯ ಸುತ್ತ ಹಲ್ಲು ಇದೆ ಎಂದು ತೋರಿಸಿದರು. ಕಲೆ ಯಾವುದು, ಅಂಗ ಯಾವುದು ಎಂಬುದು ಇತ್ಯರ್ಥವಾಗಲು 38 ವರ್ಷ.

ಸಿಗಡಿ ಎರಡು ತುಂಡಾಗುವುದೂ ಅಷ್ಟೇ ಮುಖ್ಯ. ಅನೊಮಲೊಕ್ಯಾರಿಸ್ ಜಾತಿಯ ದೊಡ್ಡ ಬೇಟೆಗಾರರ ಹೆಣ ಹೀಗೇ ಬಿಚ್ಚಿಕೊಂಡಿತ್ತು. 1892ರಲ್ಲಿ ಮುಂಗೈಯೊಂದೇ ಸಿಕ್ಕು ಅದನ್ನು ಸಿಗಡಿಯಂಥ ಪ್ರಾಣಿಯ ಮೈ ಎಂದು ಹೆಸರಿಸಿದರು; 1909ರಲ್ಲಿ ಬರ್ಜೆಸ್ ಶೇಲ್ ಕಂಡುಹಿಡಿದ ಚಾರ್ಲ್ಸ್ ವಾಲ್ಕಾಟ್‌ಗೆ ದುಂಡಗಿನ ಬಾಯಿ ಜೆಲ್ಲಿಮೀನಾಗಿ ಕಂಡಿತು. ಎಲ್ಲ ಒಂದೇ ಬಗೆಯ ಪ್ರಾಣಿಯ ಬಿಡಿಭಾಗ ಎಂದು ವಿಟ್ಟಿಂಗ್ಟನ್ ಮತ್ತು ಬ್ರಿಗ್ಸ್ ಪೂರ್ತಿ ಜೋಡಿಸಿದ್ದು 1985ರಲ್ಲಿ. ಬಾಟಲಿ 1ರ ಐದನೇ ದಿನದ ಫೋಟೊವನ್ನು ಪ್ರಯೋಗ ನೋಡದ ಇನ್ನೊಬ್ಬರಿಗೆ ತೋರಿಸಿ, ಇಲ್ಲಿ ಎಷ್ಟು ಪ್ರಾಣಿ ಇದೆ ಎಂದು ಕೇಳಿ. ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ನಡೆಯುವ ಪಾಠ ಇಲ್ಲ.

ಬಾಟಲಿ 3 ಬಹಳ ಜನರಿಗೆ ನಿರಾಸೆ ಮಾಡುತ್ತದೆ. ಗಾಳಿ ಇಲ್ಲದಿದ್ದರೆ ಕೊಳೆಯುವುದಿಲ್ಲ ಎಂಬ ನಂಬಿಕೆಯಿಂದ ಹೂಡಿದರೆ ಅದೂ ಕೊಳೆಯುತ್ತದೆ, ತುಸು ನಿಧಾನವಾಗಿ ಅಷ್ಟೇ. ಇದು ಪ್ರಯೋಗದ ತಪ್ಪಲ್ಲ. ಆಮ್ಲಜನಕ ಇಲ್ಲದ್ದೊಂದರಿಂದಲೇ ಕೊಳೆಯುವುದು ನಿಲ್ಲದು ಎಂದು 1988ರಲ್ಲಿ ಪೀಟರ್ ಆಲಿಸನ್ ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಆಮ್ಲಜನಕವಿಲ್ಲದ ಕೆಸರಿನಿಂದ ಆಗುವ ದೊಡ್ಡ ಉಪಕಾರ ಬೇರೆ: ಹೆಣ ತಿನ್ನುವ ಏಡಿ, ಹುಳ ಅಲ್ಲಿ ಬದುಕಲಾರವು. ತುಂಡುಗಳು ಬಿದ್ದಲ್ಲೇ ಇರುತ್ತವೆ. ಬಾಟಲಿ 4ರಲ್ಲಿ ವಾಸನೆ, ಕಪ್ಪು ಬಣ್ಣ ಎರಡೂ 3ಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ನಿಮ್ಮ ಎರಡು ನೀರು ಅದಲುಬದಲಾಗಿರಬಹುದು.

3ರಲ್ಲಿ ಪಿಎಚ್ ಕಾಗದ ಅದ್ದಿ ನೋಡಿ. ಮುಚ್ಚಿದ ಹೆಣದ ಸುತ್ತ ಪಿಎಚ್ ಇಳಿಯುತ್ತದೆ, ಇಳಿದಾಗ ಕಾರ್ಬೊನೇಟಿಗಿಂತ ಕ್ಯಾಲ್ಸಿಯಂ ಫಾಸ್ಫೇಟ್ ಕೂರಲು ಅನುಕೂಲ. 1990ರ ದಶಕದ ಆರಂಭದಲ್ಲಿ ಡೆರೆಕ್ ಬ್ರಿಗ್ಸ್ ಮತ್ತು ಅಮಂಡಾ ಕಿಯರ್ ಸಿಗಡಿಗಳ ಸ್ನಾಯು ಕೆಲವೇ ವಾರದಲ್ಲಿ ಹೀಗೆ ಫಾಸ್ಫೇಟ್ ಆಗುವುದನ್ನು ಪ್ರಯೋಗಾಲಯದಲ್ಲಿ ಕಂಡರು. ನಿಮಗೆ ಬರಿಗಣ್ಣಿಗೆ ಕಾಣದು. ಕಾಣುವ ಬಿಳಿ ಪುಡಿಗೆ ಒಂದು ಹನಿ ವಿನೆಗರ್ ಬಿಟ್ಟಾಗ ಬುರುಗು ಬಂದರೆ ಅದು ಕಾರ್ಬೊನೇಟ್. ಫಾಸ್ಫೇಟಿನ ಮಹಿಮೆ ನೋಡಬೇಕೆಂದರೆ ಸ್ವೀಡನ್ನಿನ ಓರ್ಸ್ಟೆನ್ ಸುಣ್ಣಗಲ್ಲಿನ ಚಿತ್ರ ಹುಡುಕಿ: ಕ್ಲಾಸ್ ಮ್ಯೂಲರ್ 1970ರ ದಶಕದಲ್ಲಿ ಕಲ್ಲನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ತೆಗೆದ, ಎರಡು ಮಿಲಿಮೀಟರಿಗಿಂತ ಚಿಕ್ಕ ಸಂಧಿಪದಿಗಳು, ಚಪ್ಪಟೆಯಾಗದೆ, ಕಾಲಿನ ಒಂದೊಂದು ರೋಮದೊಂದಿಗೆ. ಚೀನಾದ ವೆಂಗ್‌ಆನ್‌ನಲ್ಲಿ ಸಿಕ್ಕಿ 1998ರಲ್ಲಿ ಪ್ರಕಟವಾದ, ಎರಡು, ನಾಲ್ಕು, ಎಂಟು ಕೋಶಗಳಾಗಿ ಒಡೆಯುತ್ತಿರುವ ಭ್ರೂಣದಂಥ ಗೋಲಿಗಳೂ ಫಾಸ್ಫೇಟೇ. ಅವು ಪ್ರಾಣಿಗಳ ಭ್ರೂಣವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

5 ಮತ್ತು 6ರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತಿಸ್ರಿಯ ಮೈ ಹೋಗಿ ಚಿಪ್ಪು ಹಾಗೇ ಇರುತ್ತದೆ, ಸಾಮಾನ್ಯ ಪಳೆಯುಳಿಕೆ ಎಂದರೆ ಇಷ್ಟೇ. ಮಾಕುಳದಲ್ಲಿ ಕೊನೆಗೆ ಸಿಗುವುದು ಒಳಗಿನ ಪಾರದರ್ಶಕ ಗರಿ.

ಅಗೆಯುವುದು

ಕಪ್ಪನ್ನು ತಟ್ಟೆಯಲ್ಲಿ ಬಗ್ಗಿಸಿ, ಸಿರಿಂಜಿನಿಂದ ನೀರು ಚಿಮ್ಮಿಸುತ್ತ ಮಣ್ಣು ಬಿಡಿಸಿ. ನಲ್ಲಿಯ ಕೆಳಗೆ ಹಿಡಿದರೆ ಕಿವಿರು, ಕಾಲು ಮಣ್ಣಿನೊಂದಿಗೇ ಹೋಗುತ್ತವೆ. ಕೆಂಪು ಮಣ್ಣಿನಲ್ಲಿ ಸಿಗಡಿಯ ಸುತ್ತ ಕಪ್ಪು ಅಂಚು ಕಂಡರೆ ಅದು ಕಬ್ಬಿಣದ ಸಲ್ಫೈಡ್: ಮಣ್ಣಿನ ಕಬ್ಬಿಣ, ಎಪ್ಸಮ್‌ನ ಸಲ್ಫೇಟ್, ಬ್ಯಾಕ್ಟೀರಿಯಾ ಮೂರೂ ಸೇರಿದ್ದು. ತೆಗೆದ ಕೂಡಲೇ ಫೋಟೊ ತೆಗೆಯಿರಿ, ಗಾಳಿ ತಾಗಿದರೆ ಮಾಸುತ್ತ ಹೋಗುತ್ತದೆ. ಚೆಂಗ್‌ಜಿಯಾಂಗ್ ಪಳೆಯುಳಿಕೆಗಳು ಹಳದಿ ಕಲ್ಲಿನ ಮೇಲೆ ಕೆಂಪಾಗಿ ಕಾಣುವುದು ಇದೇ ದಾರಿಯಲ್ಲಿ: ಸಲ್ಫೈಡ್ ಪೈರೈಟ್ ಆಗಿ, ಪೈರೈಟ್ ಕಾಲಾಂತರದಲ್ಲಿ ತುಕ್ಕಾಯಿತು.

ಚೀನಾ ಮಣ್ಣಿನ ಕಪ್ಪಿನಲ್ಲಿ ಆಕಾರ ಹೆಚ್ಚು ದಿನ ಉಳಿದಿದ್ದರೆ ಆಶ್ಚರ್ಯಪಡಬೇಡಿ. ಕಯೋಲಿನೈಟ್ ಕೊಳೆಸುವ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂದು ಪ್ರಯೋಗಗಳು ಹೇಳುತ್ತವೆ. 2018ರಲ್ಲಿ ರಾಸ್ ಆಂಡರ್ಸನ್ ಮತ್ತು ಸಂಗಡಿಗರು ಬರ್ಜೆಸ್ ಶೇಲ್ ಮಾದರಿಯ ಪಳೆಯುಳಿಕೆ ಸಿಗುವ ಬಂಡೆಗಳಿಗೂ ಕಯೋಲಿನೈಟ್, ಬರ್ತಿಯರೀನ್ ಎಂಬ ಜೇಡಿಖನಿಜಗಳಿಗೂ ನಂಟು ತೋರಿಸಿದ್ದಾರೆ. ಮೂರು ಕಪ್ಪಿನಿಂದ ನೀವೇನೂ ಸಾಧಿಸಿದಂತಾಗದು. ದಿಕ್ಕು ಕಾಣುತ್ತದೆ, ಅಷ್ಟು ಸಾಕು.

ಚಪ್ಪಟೆ ಮಾಡುವುದು

ಉಳಿದ ಸಿಗಡಿಗಳಲ್ಲಿ ಮೂರನ್ನು ಒಂದು ದಿನ ಉಪ್ಪುನೀರಿನಲ್ಲಿ ಬಿಟ್ಟು ತೆಗೆಯಿರಿ. ಶಾಡು ಮಣ್ಣಿಗೆ ಕಾಲು ಭಾಗ ನಯವಾದ ಮರಳು ಬೆರೆಸಿ (ಇಲ್ಲದಿದ್ದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ) 12 ಸೆಂಟಿಮೀಟರ್ ಚೌಕದ, ಒಂದೂವರೆ ಸೆಂಟಿಮೀಟರ್ ದಪ್ಪದ ಆರು ಹಲಗೆ ತಟ್ಟಿ. ಮೂರು ಹಲಗೆಯ ಮೇಲೆ ಒಂದೊಂದು ಸಿಗಡಿ: ಒಂದು ಮಗ್ಗುಲಾಗಿ, ಒಂದು ಬೋರಲಾಗಿ, ಒಂದು ಓರೆಯಾಗಿ. ಮೇಲೆ ತೆಳುಕೆಸರನ್ನು ಎರಡೆರಡು ಮಿಲಿಮೀಟರಿನಂತೆ ಮೂರು ಸಲ, ಪ್ರತಿ ಸಲ ಅರ್ಧ ಗಂಟೆ ಬಿಟ್ಟು, ಸುರಿಯಿರಿ. ಆಮೇಲೆ ಮೇಲಿನ ಹಲಗೆ, ಅದರ ಮೇಲೆ ಒಂದು ಇಟ್ಟಿಗೆ, ಒಂದು ದಿನ. ಇಟ್ಟಿಗೆ ತೆಗೆದು ನೆರಳಿನಲ್ಲಿ ಒಣಗಿಸಿ: ಚಳಿಗಾಲದಲ್ಲಿ ಒಂದು ವಾರ, ಮಳೆಗಾಲದಲ್ಲಿ ಬೂಸ್ಟು ಗ್ಯಾರಂಟಿ. ಅಂಚಿಗೆ ಚಾಕು ಇಟ್ಟು ಮೆಲ್ಲಗೆ ತಟ್ಟಿದರೆ ಸಿಗಡಿ ಇರುವ ಕಡೆಯೇ ಬಿರಿಯುತ್ತದೆ.

ಎರಡು ಹಲಗೆಯನ್ನೂ ಇಟ್ಟುಕೊಳ್ಳಿ. ಮೈಯ ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಇರುತ್ತದೆ. ಬರ್ಜೆಸ್ ಶೇಲ್ ಸಂಗ್ರಹಗಳಲ್ಲಿ ಇಂಥ ಜೋಡಿಗಳು ಬೇರೆಬೇರೆಯಾಗಿಬಿಟ್ಟು ಎರಡು ಪ್ರಾಣಿಯೆಂದು ಲೆಕ್ಕವಾದದ್ದುಂಟು. ಕಾಲುಗಳ ನಡುವೆ ಕೆಸರು ನುಗ್ಗಿ ಒಂದೊಂದು ಕಾಲು ಒಂದೊಂದು ಮಟ್ಟದಲ್ಲಿ ನಿಂತಿರುವುದನ್ನು ಗಮನಿಸಿ, ಮೇಲಿನ ಕಾಲಿನ ಕೆಳಗೆ ಸೂಜಿಯಿಂದ ಮಣ್ಣು ಕೆರೆದರೆ ಕೆಳಗಿನದು ಸಿಗುತ್ತದೆ. ಹ್ಯಾರಿ ವಿಟ್ಟಿಂಗ್ಟನ್ 1970ರ ದಶಕದಲ್ಲಿ ಐದು ಕಣ್ಣಿನ ಒಪಬಿನಿಯಾವನ್ನು ಬಿಡಿಸಿದ್ದು ಹೀಗೆ ಪದರ ಕೆರೆಯುತ್ತಲೇ. ಮಗ್ಗುಲು, ಬೋರಲು, ಓರೆ ಮೂರೂ ಒಂದೇ ಜಾತಿ ಎಂದು ನಿಮಗೆ ಗೊತ್ತಿದೆ. ಗೊತ್ತಿಲ್ಲದವರ ಮುಂದಿಟ್ಟರೆ ಮೂರು ಹೆಸರು ಬರುತ್ತದೆ.

ಫೋಟೊಗೆ ಬೆಳಕು ಒಂದೇ ಕಡೆಯಿಂದ, ಹಲಗೆಗೆ ಹತ್ತಿರಹತ್ತಿರ ಸಮಾನಾಂತರವಾಗಿ ಬರಲಿ. ಸೂರಿನ ದೀಪ ಆರಿಸಿ. ತೆಳು ಕಲೆ ಎದ್ದು ಕಾಣಲು ಕುಂಚದಲ್ಲಿ ಸ್ವಲ್ಪ ನೀರು ಸವರಿ.

ಇಲ್ಲ ಎಂದು ಬರೆಯುವ ಮುಂಚೆ

ಚಿತ್ರದಲ್ಲಿ ಒಂದು ಅಂಗ ಕಾಣದಿದ್ದರೆ ಮೂರು ಸಾಧ್ಯತೆ: ಪ್ರಾಣಿಗೆ ಅದು ಇರಲೇ ಇಲ್ಲ; ಇತ್ತು, ಕೊಳೆಯಿತು; ಇದೆ, ಮಣ್ಣಿನಡಿ ಅಡಗಿದೆ. ಅಂಕಪಟ್ಟಿಯಲ್ಲಿ ಈ ಮೂರಕ್ಕೂ ಬೇರೆ ಗುರುತು ಹಾಕುವ ಅಭ್ಯಾಸ ಮಾಡಿಸಿ. 2010ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಸ್ಯಾನ್ಸಮ್, ಗ್ಯಾಬಟ್, ಪರ್ನೆಲ್ ಮೀನಿನಂತೆ ಕಾಣುವ, ಬೆನ್ನುಮೂಳೆಯಿಲ್ಲದ ಆಂಫಿಯಾಕ್ಸಸ್ ಮತ್ತು ದವಡೆಯಿಲ್ಲದ ಮೀನಾದ ಲ್ಯಾಂಪ್ರೆಯ ಮರಿಗಳನ್ನು ಕೊಳೆಸಿ ನೋಡಿದಾಗ, ಒಂದು ಗುಂಪನ್ನು ಗುರುತಿಸಲು ಬೇಕಾದ ವಿಶೇಷ ಲಕ್ಷಣಗಳೇ ಮೊದಲು ಹೋಗುತ್ತವೆ, ಎಲ್ಲರಲ್ಲೂ ಇರುವ ಹಳೆಯ ಲಕ್ಷಣಗಳು ಕೊನೆಗೆ ಉಳಿಯುತ್ತವೆ ಎಂದು ಕಂಡಿತು. ಅಂದರೆ ಕೊಳೆತ ಮೀನು ನಿಜಕ್ಕಿಂತ ಆದಿಮವಾಗಿ ಕಾಣುತ್ತದೆ. ಚೆಂಗ್‌ಜಿಯಾಂಗ್‌ನ ಹೈಕೌಇಕ್ತಿಸ್‌ನಂಥ ಮೊದಲ ಮೀನುಗಳನ್ನು ವಂಶವೃಕ್ಷದಲ್ಲಿ ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಗೆ ಈ ಎಚ್ಚರಿಕೆ ನೇರವಾಗಿ ತಾಗುತ್ತದೆ.

ಇನ್ನೊಂದು ತುದಿಯ ತಪ್ಪೂ ಇದೆ, ಇಲ್ಲದ್ದನ್ನು ಕಾಣುವುದು. ಡಿಕಿನ್ಸೋನಿಯಾ ಎಂಬ 55 ಕೋಟಿ ವರ್ಷಕ್ಕೂ ಹಳೆಯ, ಗೆರೆಗೆರೆಯ ಅಂಡಾಕಾರದ ಜೀವಿ ಪ್ರಾಣಿಯೇ ಎಂಬುದಕ್ಕೆ 2018ರಲ್ಲಿ ರಷ್ಯಾದ ಶ್ವೇತ ಸಮುದ್ರದ ಮಾದರಿಗಳಲ್ಲಿ ಸಿಕ್ಕ ಕೊಲೆಸ್ಟರಾಲ್ ಅಂಶ ಬಲವಾದ ಸಾಕ್ಷಿಯಾಯಿತು. 2021ರಲ್ಲಿ ಅದೇ ಡಿಕಿನ್ಸೋನಿಯಾ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಸೂರಿನಲ್ಲಿ ಸಿಕ್ಕಿದೆ ಎಂದು ಪ್ರಕಟವಾಯಿತು. ಮುಂದೆ ಜೋಸೆಫ್ ಮೀರ್ಟ್ ತಂಡ ಹೋಗಿ ನೋಡಿದಾಗ ಅದು ಕಲ್ಲಿನಿಂದ ಕಳಚಿ ಬೀಳುತ್ತಿತ್ತು. ಪಕ್ಕದಲ್ಲೇ ಹೆಜ್ಜೇನಿನ ತಟ್ಟಿಗಳಿದ್ದವು. ಹಳೇ ಜೇನುತಟ್ಟಿನ ಗುರುತು. ಮೊದಲು ಪ್ರಕಟಿಸಿದ ತಂಡದ ಮುಖ್ಯಸ್ಥರು ತಪ್ಪನ್ನು ಒಪ್ಪಿದರು. ಆದ್ದರಿಂದ ಯಾವ ಆಕಾರ ಕಂಡರೂ ಮೊದಲ ಪ್ರಶ್ನೆ: ಇದು ಕಲ್ಲಿನೊಳಗಿದೆಯೋ, ಕಲ್ಲಿನ ಮೇಲಿದೆಯೋ?

ಈ ಪಾಠ ಮುಗಿಸಿ ಮಕ್ಕಳು ಸಹ್ಯಾದ್ರಿಗೆ ಹೋಗಿ ಹುಡುಕುತ್ತೇವೆ ಎನ್ನುತ್ತಾರೆ. ಮುಂಬೈ, ಪುಣೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಆಸುಪಾಸಿನ ಲಾವಾ, ಕೇಂಬ್ರಿಯನ್ ಪ್ರಾಣಿಗಳಿಗಿಂತ 44 ಕೋಟಿ ವರ್ಷ ಚಿಕ್ಕದು. ಬಿರುಕುಗಳಲ್ಲಿ ಕಾಣುವ ಕಪ್ಪು ಜರೀಗಿಡದಂಥ ಚಿತ್ತಾರ ಮ್ಯಾಂಗನೀಸ್ ಖನಿಜ, ಗಿಡವೂ ಅಲ್ಲ. ಆದರೆ ಲಾವಾ ಪದರಗಳ ನಡುವಿನ ಕೆರೆಹೂಳಿನಲ್ಲಿ ವರ್ಲಿ ಗುಡ್ಡದ ಪುಟ್ಟ ಕಪ್ಪೆಗಳು ಇಡೀ ಅಸ್ಥಿಪಂಜರವಾಗಿ ಸಿಕ್ಕಿದ್ದವು, 1847ರಲ್ಲಿ ರಿಚರ್ಡ್ ಓವನ್ ವರ್ಣಿಸಿದವು, ಇಂದು ಇಂಡೊಬಟ್ರೇಕಸ್ ಎಂದು ಹೆಸರು. ಆ ಗುಡ್ಡದ ಮೇಲೆ ಈಗ ಕಟ್ಟಡಗಳಿವೆ.

ವಿಲೇವಾರಿ

28ನೇ ದಿನ ಬಾಟಲಿಗಳನ್ನು ಗಚ್ಚಿಯಲ್ಲಿ, ಗಾಳಿಗೆ ಬೆನ್ನು ಮಾಡಿ ತೆರೆಯಿರಿ. ಕೈಯಲ್ಲಿ ಗಾಯವಿದ್ದರೆ ಬೇರೆಯವರು ಮಾಡಲಿ. ಬೆಚ್ಚನೆ ಉಪ್ಪುನೀರಿನ ವಿಬ್ರಿಯೊ ಬ್ಯಾಕ್ಟೀರಿಯಾ ಗಾಯಕ್ಕೆ ಇಳಿದರೆ ಆಸ್ಪತ್ರೆಯ ದಾರಿಯೇ ಗತಿ. ಮೇಲಿನ ಎಣ್ಣೆಯನ್ನು ರದ್ದಿ ಕಾಗದದಲ್ಲಿ ಹೀರಿಸಿ ಕಸಕ್ಕೆ, ನೀರನ್ನು ಕಮೋಡಿಗೆ. ಬಾಟಲಿಯೊಳಗೆ ಬ್ಲೀಚ್ ಸುರಿಯಬೇಡಿ: ಕೊಳೆತದ್ದರಲ್ಲಿ ಅಮೋನಿಯಾ ಇರುತ್ತದೆ, ಎರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಮೀನ್ ಬರುತ್ತದೆ. ಉಳಿದ ತುಂಡುಗಳನ್ನು ಎರಡು ಪದರ ಕಾಗದದಲ್ಲಿ ಸುತ್ತಿ ಹಸಿ ಕಸದ ಗಾಡಿ ಬರುವ ಬೆಳಿಗ್ಗೆಯೇ ಕೊಡಿ, ಹಿಂದಿನ ರಾತ್ರಿ ಇಟ್ಟರೆ ಬೆಕ್ಕು ಬಿಚ್ಚುತ್ತದೆ. ಕಪ್ಪುಗಳ ಮಣ್ಣನ್ನು ಸಿಂಕಿಗೆ ಬಿಟ್ಟರೆ ಪೈಪು ಕಟ್ಟುತ್ತದೆ, ಬಕೆಟ್ಟಿನಲ್ಲಿ ಕೂರಿಸಿ ನೀರು ಚೆಲ್ಲಿ, ಗಟ್ಟಿಯಾದದ್ದನ್ನು ಕಸಕ್ಕೆ ಹಾಕಿ. ಉಪ್ಪಿರುವುದರಿಂದ ಹೂಕುಂಡಕ್ಕೆ ಬೇಡ. ಬಾಟಲಿಗಳನ್ನು ಬಿಸಿನೀರು, ಸಾಬೂನಿನಲ್ಲಿ ಎರಡು ಸಲ ತೊಳೆದು ಬಿಸಿಲಿಗಿಡಿ, ಮುಚ್ಚಳಗಳನ್ನು ಎಸೆಯಿರಿ. ರಬ್ಬರಿನಿಂದ ಆ ವಾಸನೆ ಹೋಗುವುದಿಲ್ಲ.